ಮೈದಾನಕ್ಕೆ ಬಂದ ಎರಡನೇ ಚೆಂಡು



ಇವತ್ತು ರಾಜಕೀಯ ಬೇಡ. ಅದು ನಾಳೆಯೂ ಇರುತ್ತೆ, ನಾಡಿದ್ದೂ ಇರುತ್ತೆ. ಇವತ್ತು ನಿಮಗೆ ಒಂದು ಸಣ್ಣ ಪ್ರಶ್ನೆ ಕೇಳ್ತೀನಿ. ಒಂದು ಆಟ ಆಡೋದಕ್ಕೆ ಏಕಕಾಲದಲ್ಲಿ ಎಷ್ಟು ಚೆಂಡು ಬೇಕು?

ನಗಬೇಡಿ. ಗಲ್ಲಿಯಲ್ಲಿ ಕ್ರಿಕೆಟ್ ಆಡೋ ಮಗುವನ್ನು ಕೇಳಿದರೂ ಒಂದೇ ಅಂತ ಹೇಳುತ್ತೆ. ಆದರೆ ಅಮೆರಿಕದಲ್ಲಿ, ಸಾವಿರಾರು ಜನ ಕೂತು ನೋಡ್ತಿದ್ದ ಒಂದು ಬೇಸ್‌ಬಾಲ್ ಪಂದ್ಯದಲ್ಲಿ, ಒಂದು ಸಲ ಎರಡು ಚೆಂಡು ಆಟದಲ್ಲಿದ್ದವು. ಎರಡನೇ ಚೆಂಡನ್ನು ಮೈದಾನಕ್ಕೆ ತಂದವರು ಯಾರು ಗೊತ್ತಾ? ಪ್ರೇಕ್ಷಕ ಅಲ್ಲ, ಆಟಗಾರ ಅಲ್ಲ. ಸ್ವತಃ ಅಂಪೈರ್!

ದಿನಾಂಕ 1959ರ ಜೂನ್ 30. ಊರು ಷಿಕಾಗೊ. ಮೈದಾನ ರಿಗ್ಲಿ ಫೀಲ್ಡ್. 1914ರಲ್ಲಿ ಶುರುವಾದ ಹಳೇ ಮೈದಾನ ಅದು. ಅಲ್ಲಿ ರಾತ್ರಿ ಪಂದ್ಯಕ್ಕೆ ದೀಪ ಹಾಕಿದ್ದು 1988ರಲ್ಲಿ. ಹಾಗಾಗಿ ಕತ್ತಲಿತ್ತು, ಕಣ್ಣು ಕಾಣಲಿಲ್ಲ ಅನ್ನೋ ನೆಪಕ್ಕೆ ಜಾಗವೇ ಇಲ್ಲ. ಹಾಡಹಗಲು ನಡೆದ ಘಟನೆ. ಆತಿಥೇಯರು ಷಿಕಾಗೊ ಕಬ್ಸ್. ಎದುರಾಳಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್.

ಕತೆಗೆ ಮುಂಚೆ ಎರಡೇ ಎರಡು ನಿಯಮ ಹೇಳ್ಬಿಡ್ತೀನಿ. ನಮ್ಮಲ್ಲಿ ಬೇಸ್‌ಬಾಲ್ ನೋಡೋರು ಕಮ್ಮಿ.

ಬೇಸ್‌ಬಾಲ್‌ನಲ್ಲಿ ಎಸೆಯೋನಿಗೆ ಪಿಚರ್ ಅಂತಾರೆ. ಬ್ಯಾಟರ್ ಹಿಂದೆ ಕೂತು ಹಿಡಿಯೋನು ಕ್ಯಾಚರ್, ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ಕ್ಯಾಚರ್ ಬೆನ್ನ ಹಿಂದೆ ಅಂಪೈರ್. ಪಿಚರ್ ಒಬ್ಬ ಬ್ಯಾಟರ್‌ಗೆ ನಾಲ್ಕು ಕೆಟ್ಟ ಎಸೆತ ಹಾಕಿದರೆ ಬ್ಯಾಟರ್‌ಗೆ ಮೊದಲನೇ ಬೇಸ್ ಪುಕ್ಕಟೆ. ನಮ್ಮ ವೈಡ್‌ಗೆ ಒಂದು ರನ್ ಸಿಕ್ಕ ಹಾಗೆ ಅಂದ್ಕೊಳ್ಳಿ. ಇದು ಮೊದಲನೇ ನಿಯಮ.

ಎರಡನೇದು ಮುಖ್ಯ. ಹಾಗೆ ಪುಕ್ಕಟೆ ಬೇಸ್ ಸಿಕ್ಕಾಗ ಆಟ ನಿಲ್ಲೋದಿಲ್ಲ. ಚೆಂಡು ಇನ್ನೂ ಜೀವಂತ. ಬ್ಯಾಟರ್‌ಗೆ ಧೈರ್ಯ ಇದ್ರೆ, ಚೆಂಡು ದೂರ ಇದ್ರೆ, ಮೊದಲನೇ ಬೇಸ್ ದಾಟಿ ಎರಡನೇದಕ್ಕೂ ಓಡಬಹುದು. ಬೇಸ್ ತಲುಪೋ ಮೊದಲು ಯಾರಾದರೂ ಚೆಂಡು ಹಿಡಿದು ಅವನ ಮೈಗೆ ತಾಗಿಸಿದರೆ ಔಟ್. ಆಟ ನಿಲ್ಲಬೇಕು ಅಂದ್ರೆ ಅಂಪೈರ್ ಕೈಯೆತ್ತಿ ಒಂದು ಪದ ಹೇಳಬೇಕು. 'ಟೈಮ್'. ಅಷ್ಟೇ. ಈ ಪದವನ್ನ ನೆನಪಿಟ್ಕೊಳ್ಳಿ. ಇವತ್ತಿನ ಮಾತೆಲ್ಲ ಆ ಪದದ ಮೇಲೆ ನಿಂತಿದೆ.

ಈಗ ಕತೆಗೆ ಬನ್ನಿ.

ನಾಲ್ಕನೇ ಇನಿಂಗ್ಸ್. ಬ್ಯಾಟ್ ಹಿಡಿದವರು ಸ್ಟ್ಯಾನ್ ಮ್ಯೂಸಿಯಲ್. ಸಾಮಾನ್ಯ ಆಸಾಮಿ ಅಲ್ಲ. ಏಳು ಸಲ ಬ್ಯಾಟಿಂಗ್ ಕಿರೀಟ ಗೆದ್ದವರು, ಇಡೀ ವೃತ್ತಿಜೀವನ ಒಂದೇ ತಂಡಕ್ಕೆ ಆಡಿದವರು. ಪಿಚರ್ ಬಾಬ್ ಆಂಡರ್ಸನ್. ಕ್ಯಾಚರ್ ಸ್ಯಾಮಿ ಟೇಲರ್. ಹಿಂದೆ ನಿಂತ ಅಂಪೈರ್ ವಿಕ್ ಡೆಲ್ಮೋರ್.

ಆಗಲೇ ಮೂರು ಕೆಟ್ಟ ಎಸೆತ ಆಗಿತ್ತು. ಆಂಡರ್ಸನ್ ಎಸೆದ ಮುಂದಿನ ಚೆಂಡು ಮ್ಯೂಸಿಯಲ್ ಕಡೆಗೇ ಒಳಗೆ ನುಗ್ಗಿತು. ಕ್ಯಾಚರ್ ಟೇಲರ್ ಕೈಗೆ ಸಿಗಲಿಲ್ಲ. ಹಿಂದಿನ ಗೋಡೆ ಕಡೆ ಉರುಳಿ ಹೋಯ್ತು. ಡೆಲ್ಮೋರ್ ತೀರ್ಪು ಕೊಟ್ಟರು, ನಾಲ್ಕನೇ ಕೆಟ್ಟ ಎಸೆತ, ಬ್ಯಾಟರ್ ಮೊದಲನೇ ಬೇಸ್‌ಗೆ ಹೋಗಲಿ.

ಟೇಲರ್ ಒಪ್ಪಲಿಲ್ಲ. ಬ್ಯಾಟ್‌ಗೆ ತಾಗಿದೆ ಅಂತ ವಾದ ಶುರು ಮಾಡಿದರು. ಬ್ಯಾಟ್‌ಗೆ ತಾಗಿದ್ರೆ ಅದು ಫೌಲ್, ಚೆಂಡು ಸತ್ತ ಹಾಗೆ, ಮ್ಯೂಸಿಯಲ್ ವಾಪಸ್ ಬರಬೇಕು. ಪಿಚರ್ ಆಂಡರ್ಸನ್ ಕೂಡ ಬಂದು ಸೇರ್ಕೊಂಡರು. ಕ್ಯಾಚರ್, ಪಿಚರ್, ಅಂಪೈರ್, ಮೂವರೂ ಸುತ್ತ ನಿಂತು ಜೋರು ಜೋರು ಮಾತು.

ಅಷ್ಟು ಹೊತ್ತು ಚೆಂಡು ಎಲ್ಲಿತ್ತು? ಗೋಡೆ ಹತ್ತಿರ ಬಿದ್ದಿತ್ತು. ಯಾರಿಗೂ ಅದರ ಚಿಂತೆ ಇಲ್ಲ. ಅಂಪೈರ್ 'ಟೈಮ್' ಅಂದಿದ್ರಾ? ಇಲ್ಲ. ಹಾಗಾದ್ರೆ ಆಟ ನಡೀತಿದೆ ಅಂತ ಅರ್ಥ. ಇದನ್ನ ಮೊದಲು ಗಮನಿಸಿದವರು ಮ್ಯೂಸಿಯಲ್. ಮೊದಲನೇ ಬೇಸ್ ಮುಟ್ಟಿ ಎರಡನೇದಕ್ಕೆ ಓಟ ಕಿತ್ತರು.

ಕಬ್ಸ್ ಕಡೆ ಎಚ್ಚರ ಇದ್ದ ಆಸಾಮಿ ಒಬ್ಬರೇ. ಮೂರನೇ ಬೇಸ್ ಕಾಯ್ತಿದ್ದ ಆಲ್ವಿನ್ ಡಾರ್ಕ್. ಅವರು ತಮ್ಮ ಜಾಗ ಬಿಟ್ಟು ಚೆಂಡು ತರೋಕೆ ಗೋಡೆ ಕಡೆ ದೌಡಾಯಿಸಿದರು. ಅಷ್ಟರಲ್ಲಿ ಚೆಂಡು ಪ್ಯಾಟ್ ಪೀಪರ್ ಬಳಿ ಹೋಗಿತ್ತು. ಪೀಪರ್ ಯಾರು? ಆಟಗಾರ ಅಲ್ಲ, ಮೈದಾನದ ಅನೌನ್ಸರ್. 1916ರಿಂದ ಅದೇ ಕೆಲಸ ಮಾಡ್ಕೊಂಡು ಬಂದ ಹಿರಿಯ. ಯಾರು ಬ್ಯಾಟಿಂಗಿಗೆ ಬಂದರು, ಯಾರು ಎಸೀತಾರೆ ಅಂತ ಜನಕ್ಕೆ ಕೂಗಿ ಹೇಳೋದು ಅವರ ಕಸುಬು. ಡಾರ್ಕ್ ಅಲ್ಲಿಂದ ಚೆಂಡು ಎತ್ಕೊಂಡರು.

ಇದೇ ಹೊತ್ತಿಗೆ ಅತ್ತ ಏನಾಯ್ತು? ಡೆಲ್ಮೋರ್ ವಾದದಲ್ಲೇ ಮುಳುಗಿದ್ದರು. ಅಂಪೈರ್ ಸೊಂಟದಲ್ಲಿ ಹೊಸ ಚೆಂಡುಗಳ ಚೀಲ ಇರುತ್ತೆ. ಒಂದು ಚೆಂಡು ಹೋದಾಗ ಇನ್ನೊಂದು ಕೊಡೋದು ದಿನಕ್ಕೆ ಎಷ್ಟೋ ಸಲ ಮಾಡೋ ಕೆಲಸ. ಕೈಗೆ ಅಭ್ಯಾಸ ಆಗ್ಬಿಟ್ಟಿರುತ್ತೆ. ಬಾಯಿ ಜಗಳ ಆಡ್ತಿತ್ತು, ಕೈ ತನ್ನ ಪಾಡಿಗೆ ತಾನು ಚೀಲಕ್ಕೆ ಹೋಯ್ತು. ಹೊಸ ಚೆಂಡು ತೆಗೆದು ಟೇಲರ್ ಕೈಗೆ ಇಟ್ಟುಬಿಟ್ಟರು.

ಆಂಡರ್ಸನ್ ತಿರುಗಿ ನೋಡ್ತಾರೆ, ಮ್ಯೂಸಿಯಲ್ ಓಡ್ತಿದ್ದಾರೆ! ಹಿಂದೆ ಮುಂದೆ ಯೋಚಿಸಲಿಲ್ಲ. ಆ ಹೊಸ ಚೆಂಡು ತಗೊಂಡು ಎರಡನೇ ಬೇಸ್ ಕಡೆ ಬೀಸಿದರು. ಅದೇ ಹೊತ್ತಿಗೆ ಡಾರ್ಕ್ ಹಳೇ ಚೆಂಡನ್ನು ಅದೇ ಎರಡನೇ ಬೇಸ್ ಕಡೆ ಬೀಸಿದರು!

ಈ ಚಿತ್ರವನ್ನ ಕಣ್ಮುಂದೆ ತಂದ್ಕೊಳ್ಳಿ. ಗಾಳಿಯಲ್ಲಿ ಎರಡು ಚೆಂಡು. ಓಡ್ತಿರೋ ಮನುಷ್ಯ ಒಬ್ಬ. ಆಂಡರ್ಸನ್ ಎಸೆದ ಚೆಂಡು ಎರಡನೇ ಬೇಸ್ ಕಾಯ್ತಿದ್ದ ಟೋನಿ ಟೇಲರ್ ತಲೆ ಮೇಲಿಂದ ಹಾರಿ ಹಿಂದಿನ ಮೈದಾನಕ್ಕೆ ಹೋಯ್ತು. ಹೌದು, ಅವತ್ತು ಚೆಂಡು ಮಾತ್ರ ಅಲ್ಲ, ಟೇಲರ್‌ಗಳೂ ಇಬ್ಬರು! ಡಾರ್ಕ್ ಎಸೆದ ಚೆಂಡು ಮಾತ್ರ ಎರ್ನಿ ಬ್ಯಾಂಕ್ಸ್ ಕೈಗೆ ಸರಿಯಾಗಿ ಬಂತು.

ಮ್ಯೂಸಿಯಲ್ ಕಂಡದ್ದು ಯಾವ ಚೆಂಡು? ತಲೆ ಮೇಲೆ ಹಾರಿ ಹೋದ ಚೆಂಡು. ಸರಿ, ಚೆಂಡು ದೂರ ಹೋಯ್ತು, ದಾರಿ ಖಾಲಿ ಅಂತ ಮೂರನೇ ಬೇಸ್ ಕಡೆ ಹೊರಟರು. ಅಲ್ಲೇ ಪಕ್ಕದಲ್ಲಿ ಬ್ಯಾಂಕ್ಸ್ ನಿಂತಿದ್ದಾರೆ, ಕೈಯಲ್ಲಿ ಚೆಂಡು. ಮೈಗೆ ತಾಗಿಸಿದರು.

ಮ್ಯೂಸಿಯಲ್‌ಗೆ ತಲೆ ಕೆಟ್ಟಿರಬೇಕು. ಈಗ ತಾನೇ ಹಾರಿ ಹೋದ ಚೆಂಡು ಇವರ ಕೈಗೆ ಹೇಗೆ ಬಂತು?

ಔಟಾ? ನಾಟೌಟಾ? ಅಂಪೈರ್‌ಗಳು ಸೇರಿ ಸಭೆ ಮಾಡಿದರು. ಎರಡೂ ತಂಡದವರು ಬಂದು ಮುತ್ತಿದರು. ಆಟ ಎಷ್ಟೋ ಹೊತ್ತು ನಿಂತೇ ಹೋಯ್ತು. ಕೊನೆಗೆ ತೀರ್ಪು ಬಂತು. ಬ್ಯಾಂಕ್ಸ್ ತಾಗಿಸಿದ್ದು ಅಸಲಿ ಚೆಂಡು, ಆದ್ದರಿಂದ ಮ್ಯೂಸಿಯಲ್ ಔಟ್.

ನಿಯಮದ ಲೆಕ್ಕದಲ್ಲಿ ಸರಿ ಇರಬಹುದು. ನ್ಯಾಯದ ಲೆಕ್ಕದಲ್ಲಿ? ಮ್ಯೂಸಿಯಲ್ ಮೂರನೇ ಬೇಸ್ ಕಡೆ ಓಡಿದ್ದೇ ಆ ಹೊಸ ಚೆಂಡನ್ನು ನೋಡಿ. ಆ ಚೆಂಡು ತಂದವರು ಅಂಪೈರ್. ಅಂಪೈರ್ ತಂದ ಚೆಂಡನ್ನು ನಂಬಿದ್ದಕ್ಕೆ ಆಟಗಾರ ಔಟ್! ಕಾರ್ಡಿನಲ್ಸ್ ಮ್ಯಾನೇಜರ್ ಸಾಲಿ ಹೀಮಸ್ ಪ್ರತಿಭಟನೆ ದಾಖಲಿಸಿದರು. ಆದರೆ ಕೊನೆಗೆ ಪಂದ್ಯ ಗೆದ್ದದ್ದು ಅವರ ತಂಡವೇ, 4-1ರಿಂದ. ಗೆದ್ದವರಿಗೆ ದೂರು ಎಲ್ಲಿ ನೆನಪಿರುತ್ತೆ? ಅದು ಅಲ್ಲಿಗೇ ಮುಗೀತು.

ಇಲ್ಲಿಗೆ ಕತೆ ನಿಲ್ಲಿಸಿದರೆ ಇದೊಂದು ತಮಾಷೆ. ಅರವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅಮೆರಿಕದವರು ಇದನ್ನ ಹೇಳ್ಕೊಂಡು ನಗ್ತಿದ್ದಾರೆ. ನಾನೂ ಮೊದಲ ಸಲ ಓದಿದಾಗ ಚೆನ್ನಾಗಿ ನಕ್ಕೆ. ಆಮೇಲೆ ಡೆಲ್ಮೋರ್ ಏನಾದರು ಅಂತ ಹುಡುಕಿದೆ. ನಗು ನಿಂತಿತು.

1959ರ ಋತು ಮುಗಿದ ಮೇಲೆ ಡೆಲ್ಮೋರ್ ಅವರ ಕರಾರನ್ನು ನ್ಯಾಷನಲ್ ಲೀಗ್ ಮುಂದುವರಿಸಲಿಲ್ಲ. ಕೆಲಸ ಹೋಯ್ತು. ಮರುವರ್ಷ, 1960ರಲ್ಲಿ, ಅವರು ತೀರಿಕೊಂಡರು.

ಈ ಎರಡು ಸುದ್ದಿಯನ್ನು ಒಂದೇ ದಾರದಲ್ಲಿ ಪೋಣಿಸೋದು ನನ್ನಂಥವನಿಗೆ ಬಹಳ ಸುಲಭ. ಹಿಂದೆ ಒಂದು ಶೋಕದ ಸಂಗೀತ ಹಾಕಿ, 'ಒಂದು ಚೆಂಡು ಬಲಿ ಪಡೆದ ಜೀವ' ಅಂತ ದಪ್ಪ ಅಕ್ಷರದಲ್ಲಿ ಬರೆದರೆ ಮುಗೀತು. ನಾನು ಹಾಗೆ ಮಾಡಲ್ಲ. ಆ ಚೆಂಡಿಗೂ ಆ ಸಾವಿಗೂ ನಂಟು ಇತ್ತು ಅನ್ನೋದಕ್ಕೆ ಯಾವ ಆಧಾರವೂ ಇಲ್ಲ. ಆದರೆ ಇಷ್ಟಂತೂ ನಿಜ. ಆ ಮನುಷ್ಯ ಎಷ್ಟೋ ಸರಿಯಾದ ತೀರ್ಪು ಕೊಟ್ಟಿರಬೇಕು. ಒಂದೂ ಯಾರಿಗೂ ನೆನಪಿಲ್ಲ. ಇವತ್ತು ಅವರ ಹೆಸರು ಉಳಿದಿರೋದು ಆ ಒಂದು ಚೆಂಡಿನಿಂದ ಮಾತ್ರ.

ಸರಿ, ಅವತ್ತು ತಪ್ಪು ಮಾಡಿದ್ದು ಡೆಲ್ಮೋರ್ ಒಬ್ಬರೇನಾ? ಲೆಕ್ಕ ಹಾಕಿ. ಜೀವಂತ ಚೆಂಡನ್ನು ಬಿಟ್ಟು ವಾದಕ್ಕೆ ನಿಂತ ಕ್ಯಾಚರ್ ಟೇಲರ್. ಕೈಗೆ ಬಂದದ್ದು ಯಾವ ಚೆಂಡು ಅಂತ ನೋಡದೆ ಬೀಸಿದ ಆಂಡರ್ಸನ್. ಎರಡು ಚೆಂಡು ಹಾರಾಡ್ತಿದ್ರೂ ಆಟ ನಿಲ್ಲಿಸದ ಉಳಿದ ಅಂಪೈರ್‌ಗಳು. ಗುಂಪಿನಲ್ಲಿ ಗೋವಿಂದ ಅಂದ ಹಾಗೆ ಎಲ್ಲರೂ ಸೇರಿ ಮಾಡಿದ ಎಡವಟ್ಟು. ಬಿಲ್ ಬಂದದ್ದು ಮಾತ್ರ ಒಬ್ಬರ ಹೆಸರಿಗೆ.

ಹಾಗಂತ ಡೆಲ್ಮೋರ್ ತಪ್ಪಿಲ್ಲ ಅಂತ ನಾನು ಹೇಳಲ್ಲ. ಆದರೆ ಅವರ ತಪ್ಪು ಯಾವುದು? ಹೊಸ ಚೆಂಡು ಕೊಟ್ಟದ್ದಾ? ನನ್ನ ಪ್ರಕಾರ ಅದಕ್ಕೂ ಮುಂಚಿನದು. ತೀರ್ಪು ಕೊಡಬೇಕಾದ ಮನುಷ್ಯ ವಾದಕ್ಕೆ ಇಳಿದರು. ವಾದಕ್ಕೆ ಇಳಿದ ಮೇಲೆ ಗೆಲ್ಲಬೇಕು ಅನ್ನಿಸುತ್ತೆ. ಗೆಲ್ಲಬೇಕು ಅನ್ನಿಸಿದ ಮೇಲೆ ಎದುರಿಗಿರೋ ಮುಖ ಮಾತ್ರ ಕಾಣುತ್ತೆ, ಬೆನ್ನ ಹಿಂದೆ ಬಿದ್ದಿರೋ ಚೆಂಡು ಕಾಣಲ್ಲ. ವಾದ ಮಾಡಲೇಬೇಕಿತ್ತು ಅಂದ್ರೆ ಮೊದಲು 'ಟೈಮ್' ಅನ್ನಬೇಕಿತ್ತು. ಆಟ ನಿಲ್ಲಿಸಿ ಎಷ್ಟು ಬೇಕೋ ಅಷ್ಟು ಜಗಳ ಆಡಬಹುದಿತ್ತು.

ಈಗ ಇದೇ ಬೇಸ್‌ಬಾಲ್‌ನ ಇನ್ನೊಬ್ಬ ಅಂಪೈರ್ ಕತೆ ಕೇಳಿ. ಚಿಕ್ಕದು.

2010ರ ಜೂನ್ 2. ಊರು ಡೆಟ್ರಾಯ್ಟ್. ಪಿಚರ್ ಆರ್ಮಾಂಡೊ ಗಲಾರಾಗ, ವೆನೆಜುವೆಲಾದ ಹುಡುಗ. ಇಪ್ಪತ್ತಾರು ಬ್ಯಾಟರ್‌ಗಳು ಬಂದರು, ಇಪ್ಪತ್ತಾರೂ ಜನ ಬೇಸ್ ಮುಟ್ಟದೆ ವಾಪಸ್ ಹೋದರು. ಇನ್ನೊಬ್ಬ ಔಟಾದರೆ 'ಪರ್ಫೆಕ್ಟ್ ಗೇಮ್'. ಅಲ್ಲಿವರೆಗೆ ಮೇಜರ್ ಲೀಗ್‌ನ ನೂರಕ್ಕೂ ಹೆಚ್ಚು ವರ್ಷದ ಇತಿಹಾಸದಲ್ಲಿ ಅಂಥದ್ದು ಆಗಿದ್ದು ಇಪ್ಪತ್ತೇ ಸಲ. ಇಪ್ಪತ್ತೇಳನೇ ಬ್ಯಾಟರ್ ಜೇಸನ್ ಡೊನಾಲ್ಡ್ ಹೊಡೆದ ಚೆಂಡು ಸಿಕ್ತು, ಮೊದಲನೇ ಬೇಸ್‌ನಲ್ಲಿ ನಿಂತ ಗಲಾರಾಗ ಕೈಗೆ ಬಂತು, ಬ್ಯಾಟರ್ ಇನ್ನೂ ಒಂದು ಹೆಜ್ಜೆ ದೂರ ಇದ್ದ. ಔಟ್! ಇಡೀ ಮೈದಾನಕ್ಕೆ ಕಂಡಿತ್ತು. ಆದರೆ ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಚಾಚಿ ನಾಟೌಟ್ ಅಂದರು.

ಗಲಾರಾಗ ಏನ್ಮಾಡಿದ? ಮುಗುಳ್ನಕ್ಕ. ವಾಪಸ್ ಹೋಗಿ ಮುಂದಿನ ಬ್ಯಾಟರ್‌ನ ಔಟ್ ಮಾಡಿದ. ಪಂದ್ಯ ಮುಗೀತು.

ಜಾಯ್ಸ್ ಏನ್ಮಾಡಿದರು? ಕೋಣೆಗೆ ಹೋಗಿ ವಿಡಿಯೊ ನೋಡಿದರು. ತಪ್ಪು ಗೊತ್ತಾಯ್ತು. ಪತ್ರಕರ್ತರ ಮುಂದೆ ನಿಂತು, ಆ ಹುಡುಗನ ಪರ್ಫೆಕ್ಟ್ ಗೇಮ್ ನನ್ನಿಂದ ಹೋಯ್ತು ಅಂತ ಒಪ್ಪಿಕೊಂಡರು. ಗಲಾರಾಗನ ಹತ್ರ ಕ್ಷಮೆ ಕೇಳಿದರು, ಅತ್ತರು. ಯಾರೂ ಪರಿಪೂರ್ಣರಲ್ಲ ಅಂದ ಆ ಹುಡುಗ. ಮರುದಿನದ ಪಂದ್ಯಕ್ಕೂ ಜಾಯ್ಸ್ ಅವರೇ ಅಂಪೈರ್. ತಂಡದ ಪಟ್ಟಿ ತಂದು ಅವರ ಕೈಗೆ ಕೊಟ್ಟದ್ದು ಯಾರು ಗೊತ್ತಾ? ಅದೇ ಗಲಾರಾಗ. ಜಾಯ್ಸ್ ಮೈದಾನದಲ್ಲೇ ಕಣ್ಣೊರೆಸಿಕೊಂಡರು.

ದಾಖಲೆ ತಿದ್ದಲಿಲ್ಲ. ಗಲಾರಾಗ ಹೆಸರು ಆ ಪಟ್ಟಿಯಲ್ಲಿ ಇವತ್ತಿಗೂ ಇಲ್ಲ. ಜಾಯ್ಸ್ ಮಾತ್ರ 2016ರವರೆಗೂ ಅಂಪೈರ್ ಆಗಿ ಮುಂದುವರಿದರು. 2014ರಿಂದ ಇಂಥ ತೀರ್ಪುಗಳನ್ನು ವಿಡಿಯೊ ನೋಡಿ ಸರಿಪಡಿಸೋ ವ್ಯವಸ್ಥೆಯನ್ನೂ ಮೇಜರ್ ಲೀಗ್ ಜಾರಿಗೆ ತಂದಿತು.

ಅಮೆರಿಕದವರ ವಿಷಯ ನಮಗ್ಯಾಕೆ ಅಂತೀರಾ? ಸ್ವಲ್ಪ ಹಿಂದೆ ಹೋಗಿ. 2008ರ ಜನವರಿ, ಸಿಡ್ನಿ ಟೆಸ್ಟ್. ನಾಯಕ ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆ. ಬ್ಯಾಟ್‌ಗೆ ತಾಗಿ ಕ್ಯಾಚ್ ಆದ ಸೈಮಂಡ್ಸ್ ನಾಟೌಟ್, ಬ್ಯಾಟ್‌ಗೆ ತಾಗದ ದ್ರಾವಿಡ್ ಔಟ್. ಅಂಪೈರ್ ಸ್ಟೀವ್ ಬಕ್ನರ್. ಮುಂದಿನ ಪರ್ತ್ ಟೆಸ್ಟ್‌ನಿಂದ ಅವರನ್ನ ಕೈಬಿಟ್ಟಾಗ ನಾವೆಲ್ಲ ಏನು ಮಾಡಿದ್ವಿ? ಸಂಭ್ರಮಿಸಿದ್ವಿ. ನಾನೂ ಅದರಲ್ಲಿ ಒಬ್ಬ. ಸಿಟ್ಟು ನ್ಯಾಯವೇ ಆಗಿತ್ತು. ಆದರೆ ಆ ಸಂಭ್ರಮದಲ್ಲಿ ನ್ಯಾಯ ಎಷ್ಟಿತ್ತು, ಒಬ್ಬ ಮನುಷ್ಯ ಬಿದ್ದ ಖುಷಿ ಎಷ್ಟಿತ್ತು ಅಂತ ಇವತ್ತು ನನ್ನನ್ನ ನಾನೇ ಕೇಳ್ಕೊಳ್ತೀನಿ.

ಯಾಕೆ ಕೇಳ್ಕೊಳ್ತೀನಿ ಅಂದ್ರೆ, ನಾನೂ ಒಂದು ಸಲ ಮೈದಾನಕ್ಕೆ ಎರಡನೇ ಚೆಂಡು ತಂದವನು.

ಹಲವು ವರ್ಷದ ಹಿಂದಿನ ಮಾತು. ರಾತ್ರಿಯ ಬುಲೆಟಿನ್. ಒಂದು ವಂಚನೆ ಪ್ರಕರಣದಲ್ಲಿ ಒಬ್ಬನ ಬಂಧನ ಆಗಿತ್ತು. ಹೆಸರು ಬಂತು. ಫೋಟೊ ಬೇಕಿತ್ತು. ಎಲ್ಲಿಂದಲೋ ಒಂದು ಫೋಟೊ ಬಂತು. ನಾನು ಆ ಹೊತ್ತಿಗೆ ಇಬ್ಬರು ಅತಿಥಿಗಳ ಜೊತೆ ವಾದದಲ್ಲಿದ್ದೆ. ಜೋರಾಗಿ ನಡೀತಿತ್ತು, ನಾನು ಗೆಲ್ತಾ ಇದ್ದೆ. ಕಿವಿಯಲ್ಲಿ ಪ್ರೊಡ್ಯೂಸರ್, ಫೋಟೊ ಬಂದಿದೆ ಹಾಕ್ಲಾ ಅಂದರು. ಹಾಕಿ ಅಂದೆ. ತಿರುಗಿ ನೋಡಲಿಲ್ಲ. ಯಾರು, ಎಲ್ಲಿಂದ ಬಂತು ಅಂತ ಕೇಳಲಿಲ್ಲ. ಬಾಯಿ ವಾದ ಮಾಡ್ತಿತ್ತು, ಅಭ್ಯಾಸ ತನ್ನ ಕೆಲಸ ಮಾಡ್ತು.

ಫೋಟೊದಲ್ಲಿದ್ದವರು ಅದೇ ಹೆಸರಿನ ಇನ್ನೊಬ್ಬರು. ಒಂದು ಸಣ್ಣ ಊರಿನ ಮೇಷ್ಟ್ರು.

ಆ ಚಿತ್ರ ಪರದೆ ಮೇಲೆ ಇದ್ದದ್ದು ಇಪ್ಪತ್ತು ನಿಮಿಷದ ಆಸುಪಾಸು. ತಪ್ಪು ಗೊತ್ತಾದ ತಕ್ಷಣ ತೆಗೆದ್ವಿ. ತೆಗೆದ್ವಿ ಅಷ್ಟೇ. ಯಾರಿಗೂ ಹೇಳಲಿಲ್ಲ. ಆಟ ಮುಂದುವರಿಸಿದ್ವಿ. ಬುಲೆಟಿನ್ ಮುಗಿಸಿ ಹೊರಗೆ ಬಂದಾಗ ಅವರ ಫೋನ್ ಬಂತು. ಬೈತಾರೆ, ಕೇಸ್ ಹಾಕ್ತೀನಿ ಅಂತಾರೆ ಅಂದ್ಕೊಂಡೆ. ಅವರು ಬೈಯಲಿಲ್ಲ. 'ಸರ್, ನಾಳೆ ಬೆಳಗ್ಗೆ ನಾನು ಶಾಲೆಗೆ ಹೋಗಬೇಕು' ಅಂದರು. ಅಷ್ಟೇ ಹೇಳಿದರು.

ಮರುದಿನ ಒಂದು ಸಾಲು ತಿದ್ದುಪಡಿ ಹಾಕಿದ್ವಿ, ಪರದೆಯ ಕೆಳಗೆ, ಓಡೋ ಅಕ್ಷರದಲ್ಲಿ. ನನ್ನ ಬಾಯಿಂದ ಒಂದು ಮಾತೂ ಬರಲಿಲ್ಲ. ಕಾರಣ ಹೇಳ್ಕೊಂಡೆ. ಫೋಟೊ ತಂದವನು ಬೇರೆಯವನು, ಹಾಕಿದವನು ಬೇರೆಯವನು, ಇಷ್ಟು ಜನರ ನಡುವೆ ನನ್ನದೇನು ಪಾಲು ಅಂತ. ಅದೇ ಗುಂಪಿನಲ್ಲಿ ಗೋವಿಂದ.

ಮ್ಯೂಸಿಯಲ್ ಔಟಾಗಿದ್ದು ಕಡೇ ಪಕ್ಷ ಅಸಲಿ ಚೆಂಡಿನಿಂದ. ಆ ಮೇಷ್ಟ್ರನ್ನ ನಾವು ಔಟ್ ಮಾಡಿದ್ದು ಅವರಿಗೆ ಸಂಬಂಧವೇ ಇಲ್ಲದ ಚೆಂಡಿನಿಂದ. ಡೆಲ್ಮೋರ್ ಕೆಲಸ ಕಳ್ಕೊಂಡರು. ನಾನು ಮರುದಿನ ರಾತ್ರಿ ಒಂಬತ್ತಕ್ಕೆ ಅದೇ ಕುರ್ಚಿಯಲ್ಲಿ ಕೂತಿದ್ದೆ.

ಇವತ್ತು ಪ್ರತಿ ಸುದ್ದಿಗೂ ಎರಡು ಚೆಂಡು ಹಾರ್ತಿರುತ್ತೆ ವೀಕ್ಷಕರೇ. ನಿಮ್ಮ ಮೊಬೈಲ್‌ಗೆ ಬರೋ ವಿಡಿಯೊದಲ್ಲಿ, ನಮ್ಮ ಪರದೆಯಲ್ಲಿ, ನಿಮ್ಮ ಮನೆ ಗ್ರೂಪಿನಲ್ಲಿ. ಒಂದು ಅಸಲಿ, ಇನ್ನೊಂದು ಯಾರೋ ಅವಸರದಲ್ಲಿ ಚೀಲದಿಂದ ತೆಗೆದದ್ದು. ಎತ್ತರಕ್ಕೆ ಹಾರೋ ಚೆಂಡೇ ಮೊದಲು ಕಣ್ಣಿಗೆ ಬೀಳುತ್ತೆ. ಓಡೋ ಮುಂಚೆ ಒಂದು ಕ್ಷಣ ನಿಂತು, ಇನ್ನೊಂದು ಚೆಂಡು ಯಾರ ಕೈಯಲ್ಲಿದೆ ಅಂತ ನೋಡಿ. ಅದು ನಿಮ್ಮ ಕೆಲಸ. ನನ್ನ ಕೆಲಸ ಇನ್ನೂ ಕಷ್ಟದ್ದು. ವಾದ ಎಷ್ಟೇ ರಂಗೇರಿರಲಿ, ಸಂಶಯ ಬಂದ ಕೂಡಲೇ ಕೈಯೆತ್ತಿ 'ಟೈಮ್' ಅನ್ನಬೇಕು. ಹೇಳದೇ ಹೋದರೆ, ಜಾಯ್ಸ್ ಥರ ಮುಖ ಕೊಟ್ಟು ಒಪ್ಪಿಕೊಳ್ಳಬೇಕು. ಓಡೋ ಅಕ್ಷರದಲ್ಲಿ ಅಲ್ಲ. ತಪ್ಪು ಮಾಡಿದ್ದು ಎಷ್ಟು ದೊಡ್ಡ ದನಿಯಲ್ಲೋ, ಅಷ್ಟೇ ದೊಡ್ಡ ದನಿಯಲ್ಲಿ.

ಅವತ್ತು ನಾನು ಹೇಳಲಿಲ್ಲ. ಇವತ್ತು ಹೇಳ್ತಿದ್ದೀನಿ. ಮೇಷ್ಟ್ರೇ, ನೀವು ಎಲ್ಲೇ ಇರಿ, ಈ ಕಾರ್ಯಕ್ರಮ ನೋಡ್ತಿರಲಿ, ನೋಡದೇ ಇರಲಿ. ಆ ಫೋಟೊ ಹಾಕಿ ಅಂದದ್ದು ನಾನು. ತಪ್ಪು ನನ್ನದು. ಕ್ಷಮಿಸಿ.